ಮೂವತ್ತಾರು ಚೌಕದ ಕೌದಿ

ಲವೀನಾ ಹ್ಯಾಪ್‌ಗುಡ್ ಪತ್ರಿಕೆಗೆಂದು ಕೂತು ಬರೆದದ್ದನ್ನು ಬಾಸ್ಟನ್ ಸೀಮೆಯ ಡನ್‌ಬರೋ ಊರಿನಲ್ಲಿ ಯಾರೂ ಕಂಡಿಲ್ಲ. ಅಡುಗೆಮನೆಯ ಹಿಟ್ಟಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಕಾಗದ ಹರಡಿಕೊಂಡು ನಿಂತೇ ಬರೆಯುತ್ತಿದ್ದಳು. ನಾಲ್ಕು ಸಾಲಾದರೆ ಕಿಟಕಿಗೆ ಹೋಗುವಳು, ಎಂಟಾದರೆ ಹಿತ್ತಿಲ ಬಾಗಿಲಿಗೆ. ಒಂದು ಪುಟ ಮುಗಿದರೆ ಶಾಲು ಹೊದ್ದು ರೈಲು ನಿಲ್ದಾಣದವರೆಗೆ ನಡೆಯುವಳು. ಅಲ್ಲಿ ಇಳಿಸಿಕೊಳ್ಳಲು ನೆಂಟರಿಲ್ಲ, ಹತ್ತಿ ಹೋಗಲು ಊರಿಲ್ಲ. ಸುಮ್ಮನೆ ಹಳಿ ನೋಡಿಕೊಂಡು ವಾಪಸು ಬರುವಳು.

"ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ಕಣೇ," ಎನ್ನುತ್ತಿದ್ದಳು ಕೆಜಾಯಾ ಅತ್ತೆ. ಲವೀನಾಳ ಅಪ್ಪನ ಅಕ್ಕ ಆಕೆ, ಎಪ್ಪತ್ತು ದಾಟಿದವಳು. ಒಲೆಯ ಪಕ್ಕದ ಕುರ್ಚಿ ಬಿಟ್ಟು ಏಳದೆ ದಿನವಿಡೀ ಹುಲ್ಲಿನ ಜಡೆ ಹೆಣೆದು ಟೋಪಿ ಮಾಡುವವರಿಗೆ ಕೊಡುತ್ತಿದ್ದಳು. "ನಾನು ಹೆಣೆದಿದ್ದು ಜನರ ತಲೆ ಮೇಲೆ ಕೂರುತ್ತೆ. ನೀನು ಬರೆದಿದ್ದು ಮೀನು ಕಟ್ಟೋಕೆ ಹೋಗುತ್ತೆ."

"ಮೀನಾದ್ರೂ ಓದ್ಲಿ ಬಿಡತ್ತೆ."

ಮೂವತ್ತನಾಲ್ಕು ವರ್ಷದ ಲವೀನಾ ಅದರಲ್ಲಿ ಹದಿನಾಲ್ಕು ವರ್ಷವನ್ನು ಪತ್ರಿಕೆಗಳಿಗೆ ಬರೆದೇ ಕಳೆದಿದ್ದಳು. ಒಂದು ಸಲವೂ ಅವಳ ಹೆಸರು ಅಚ್ಚಾಗಿರಲಿಲ್ಲ. ಮಗಳ ಹೆಸರು ಪತ್ರಿಕೆಯಲ್ಲಿ ಬಂದರೆ ಮದುವೆಯ ಸುದ್ದಿಯಲ್ಲೇ ಬರಬೇಕು ಎಂದು ಅವಳ ಅಪ್ಪ ಹಟ ಹಿಡಿದಿದ್ದ. ಮದುವೆ ಆಗಲಿಲ್ಲ, ಅಪ್ಪನೂ ಹೋದ, ಅಭ್ಯಾಸ ಮಾತ್ರ ಉಳಿಯಿತು. ಕಣ್ಣೀರಿನ ಕತೆಗಳ ಕೆಳಗೆ 'ಒಬ್ಬ ಮಹಿಳೆ' ಎಂದಿರುತ್ತಿತ್ತು. ಪದ್ಯಗಳ ಕೆಳಗೆ ಏನೂ ಇರುತ್ತಿರಲಿಲ್ಲ. ರೈತರ ಪತ್ರಿಕೆಯೊಂದರಲ್ಲಿ ಹಸು, ಗೊಬ್ಬರ, ಹೆಂಡತಿ, ಹವಾಮಾನ ಎಲ್ಲದರ ಬಗ್ಗೆ ವಾರವಾರವೂ ಗೊಣಗುತ್ತಿದ್ದ 'ಪೆಲೆಗ್ ಮಾವ' ಎಂಬ ಮುದುಕನೂ ಅವಳೇ. ಅಂಗಡಿಯಲ್ಲಿ ಒಲೆಯ ಸುತ್ತ ಕೂತ ಗಂಡಸರು, "ಪೆಲೆಗ್ ಮಾವ ಏನ್ ಹೇಳಿದಾನೆ ಗೊತ್ತೇನಮ್ಮ? ನಿಮಗೆಲ್ಲಿ ತಿಳಿಯುತ್ತೆ ಬಿಡಿ ಅದೆಲ್ಲ," ಎಂದು ಅವಳಿಗೇ ಪಾಠ ಹೇಳುತ್ತಿದ್ದರು. ಅವಳು ಕಾಕಂಬಿಯ ಜಾಡಿ ಹಿಡಿದುಕೊಂಡು "ಹೌದಾ, ದೊಡ್ಡ ಬುದ್ಧಿವಂತ" ಎಂದು ಮನೆಗೆ ಬರಬೇಕಾಗುತ್ತಿತ್ತು. ಮೊದಮೊದಲು ಇದು ನಗು ತರಿಸುತ್ತಿತ್ತು. ಈಚೆಗೆ ಹೊಟ್ಟೆ ಉರಿಯುತ್ತಿತ್ತು.

'ಅಗುಳಿಯ ದಾರ'ದ ವಿಷಯದಲ್ಲಂತೂ ಈ ಉರಿ ಜಾಸ್ತಿ. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ರೊಟ್ಟಿಯ ಹಿಟ್ಟು ನಾದುತ್ತಿದ್ದಾಗ ಎಲ್ಲಿಂದಲೋ ನಾಲ್ಕು ಸಾಲು ಬಂದು ಬಾಯಿಗೆ ಕೂತಿದ್ದವು:

ಅಗುಳಿಯ ದಾರ ಹೊರಗೇ ಇಹುದು,
ಬೂದಿಯ ಕೆಳಗೆ ಕೆಂಡವಿದೆ;
ತಡವಾಯಿತೆಂದು ತಟ್ಟಲು ಬೇಡ,
ನಿನ್ನಯ ಬಟ್ಟಲು ಅಲ್ಲೇ ಇದೆ.

ಹಳೆಯ ಮನೆಗಳಲ್ಲಿ ಮರದ ಅಗುಳಿಗೆ ಕಟ್ಟಿದ ದಾರವನ್ನು ಬಾಗಿಲ ತೂತಿನಿಂದ ಹೊರಗೆ ಬಿಟ್ಟಿದ್ದರೆ ಯಾರು ಬೇಕಾದರೂ ಅದನ್ನೆಳೆದು ಒಳಗೆ ಬರಬಹುದು. ದಾರ ಒಳಗೆಳೆದುಕೊಂಡರೆ ಆ ಮನೆ ಮಲಗಿತು ಎಂದರ್ಥ. ಆ ನಾಲ್ಕು ಸಾಲಿನ ಕೆಳಗೆ ಲವೀನಾ ಕಷ್ಟಪಟ್ಟು ಇನ್ನೂ ಹದಿನಾರು ಸಾಲು ಕಟ್ಟಿದಳು, ಆದರೆ ಜನ ಹಿಡಿದುಕೊಂಡದ್ದು ಮೊದಲ ನಾಲ್ಕನ್ನೇ. ನಮ್ಮ ಕಡೆಯ ಪತ್ರಿಕೆ ಸಂಪಾದಕರಿಗೆ ಕತ್ತರಿ ಮತ್ತು ಅಂಟು ಇದ್ದರೆ ಸಾಕು, ಒಬ್ಬರ ಪತ್ರಿಕೆಯಿಂದ ಇನ್ನೊಬ್ಬರು ಕತ್ತರಿಸಿ ಹಾಕಿಕೊಂಡೇ ಪುಟ ತುಂಬಿಸುತ್ತಾರೆ. ಹಾಗೆ ಪದ್ಯ ಊರೂರು ತಿರುಗಿತು. ಯಾರೋ ರಾಗ ಹಾಕಿದರು. ಮಗನನ್ನು ಕಡಲಿಗೆ ಕಳಿಸಿದ ತಾಯಂದಿರು ಅದನ್ನು ಹಾಡಿ ಅತ್ತರು. ಪಕ್ಕದೂರಿನ ಗೋರಿಯೊಂದರ ಮೇಲೆ ಅದನ್ನು ಕೆತ್ತಿಸಿದ್ದನ್ನು ಲವೀನಾ ಸ್ವತಃ ಕಂಡಳು. ಸತ್ತವನಿಗಾಗಿ ಅಳಬೇಕೋ ತನಗಾಗಿಯೋ ತಿಳಿಯದೆ, ಕೊನೆಗೆ ಎರಡೂ ಬೇಡವೆಂದು ಸಿಟ್ಟು ಮಾಡಿಕೊಂಡು ಮೂರು ಮೈಲಿ ನಡೆದು ಮನೆ ಸೇರಿದ್ದಳು.

ಹೀಗಿರುವಾಗ ೧೮೫೮ರ ಜನವರಿಯಲ್ಲಿ ಬಾಸ್ಟನ್ನಿನ ಪ್ರಕಾಶಕ ಪೆಟಿಂಗಿಲ್ ಎಂಬಾತನ ಕಾಗದ ಬಂತು. ಪತ್ರಿಕೆಯವರನ್ನು ಕೇಳಿ ಕೇಳಿ ಪದ್ಯ ಬರೆದವಳನ್ನು ಪತ್ತೆ ಮಾಡಿದ್ದ. ನಿಮ್ಮ ಬರಹಗಳನ್ನು ಒಟ್ಟು ಮಾಡಿ ಪುಸ್ತಕ ತರುತ್ತೇನೆ, ಹೆಸರು ಹಾಕಿಯೇ ತರುತ್ತೇನೆ ಎಂದಿದ್ದ. ಜೊತೆಗೆ ಮೊದಲ ಪುಟದ ಮಾದರಿಯೊಂದನ್ನು ಅಚ್ಚು ಹಾಕಿಸಿ ಕಳಿಸಿದ್ದ. ಮೇಲೆ ದೊಡ್ಡದಾಗಿ 'ಅಗುಳಿಯ ದಾರ', ಕೆಳಗೆ 'ಲವೀನಾ ಹ್ಯಾಪ್‌ಗುಡ್'. ಅವಳು ಅದನ್ನು ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ದಿನಕ್ಕೆ ಹತ್ತು ಸಲ ತೆಗೆದು ನೋಡಿ, ತಿಂಗಳೊಳಗೆ ಮಡಿಕೆಯ ಗೆರೆ ಹರಿದು ಹೆಸರು ಎರಡು ತುಂಡಾಯಿತು. ಹಿಟ್ಟಿನ ಅಂಟು ಹಚ್ಚಿ ಕೂಡಿಸಿದಳು. ಇಷ್ಟು ಸಂತೋಷ ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ, ಅದನ್ನು ಎಲ್ಲಿಡಬೇಕೆಂದೂ ಗೊತ್ತಿರಲಿಲ್ಲ.

ಫೆಬ್ರವರಿ ಮುಗಿಯುವ ಮೊದಲೇ ಕಲ್ಲು ಬಿತ್ತು. ಉತ್ತರದ ವರ್ಮಾಂಟ್ ರಾಜ್ಯದ ಪತ್ರಿಕೆಯೊಂದರಲ್ಲಿ ಜೋತಮ್ ಟ್ರಾಸ್ಕ್ ಎಂಬ ರೈತನ ಪತ್ರ ಅಚ್ಚಾಗಿತ್ತು: 'ಅಗುಳಿಯ ದಾರ'ವನ್ನು ಬಾಸ್ಟನ್ನಿನವರು ಯಾರದೋ ಹೆಸರಲ್ಲಿ ತರುತ್ತಾರೆಂದು ಕೇಳಿದೆ. ಆ ಸಾಲುಗಳು ನನ್ನ ಹೆಂಡತಿಯವು. ನಮ್ಮ ಮನೆಯ ಕೌದಿಯ ಮೇಲೆ ಅವಳ ಹೆಸರಿನೊಂದಿಗೆ, ೧೮೪೬ನೇ ಇಸವಿಯ ತಾರೀಖಿನೊಂದಿಗೆ, ಒಗೆದರೂ ಹೋಗದ ಶಾಯಿಯಲ್ಲಿ ಇವೆ. ಎಂಟು ಚಳಿಗಾಲ ಅದನ್ನೇ ಹೊದ್ದು ಮಲಗಿದ್ದೇನೆ, ನನಗೆ ಗೊತ್ತಿಲ್ಲವೆ? ಅನುಮಾನವಿದ್ದವರು ಬಂದು ನೋಡಲಿ. ಕೆಳಗೆ 'ಶ್ರೀಮತಿ ಜೋತಮ್ ಟ್ರಾಸ್ಕ್ ಪರವಾಗಿ' ಎಂದು ಸಹಿ.

ಲವೀನಾಳ ಪದ್ಯ ಅಚ್ಚಾದದ್ದು ೧೮೫೧ರಲ್ಲಿ. ಪೆಟಿಂಗಿಲ್‌ಗೂ ಲೆಕ್ಕ ಬರುತ್ತಿತ್ತು. ಏಪ್ರಿಲ್ ಒಂದರೊಳಗೆ ಇದನ್ನು ಬಗೆಹರಿಸಿಕೊಂಡು ಬನ್ನಿ, ಇಲ್ಲವಾದರೆ ನಿಮ್ಮ ಹೆಸರಿನಲ್ಲಿ ಪುಸ್ತಕವಿಲ್ಲ ಎಂದು ಎರಡು ಸಾಲು ಬರೆದ.

"ಕಳ್ಳಿ!" ಎಂದಳು ಲವೀನಾ. ಕಿಟಕಿಗೆ ಹೋದಳು, ಬಾಗಿಲಿಗೆ ಹೋದಳು, ಮತ್ತೆ ಕಿಟಕಿಗೆ ಬಂದಳು. "ಯಾವಳೀ ಶ್ರೀಮತಿ ಜೋತಮ್ ಟ್ರಾಸ್ಕ್? ಆ ಹೆಸರಿನೋಳನ್ನ ನಾನು ಕಂಡೇ ಇಲ್ಲ."

"ಗಂಡನ ಹೆಸರಿನ ಹಿಂದೆ ಯಾವಳು ಬೇಕಾದ್ರೂ ಅಡಗಿರಬಹುದು," ಎಂದಳು ಅತ್ತೆ ಹೆಣೆಯುತ್ತಲೇ. "ಕೂತ್ಕೊಳ್ಳೇ, ನೆಲ ಸವೆಯುತ್ತೆ."

"ಹೋಗಿ ನೋಡ್ತೀನಿ."

"ನಾನೂ ಬರ್ತೀನಿ. ಒಬ್ಬಳನ್ನೇ ಬಿಟ್ರೆ ನೀನು ರೈಲಿನಲ್ಲೂ ನಡ್ಕೊಂಡೇ ಹೋಗ್ತೀಯ."

ಪದ್ಯದವರು ಇಂಥ ದಿನ ಬರುತ್ತಾರೆ ಎಂದಷ್ಟೇ ಪೆಟಿಂಗಿಲ್ ಟ್ರಾಸ್ಕ್‌ಗೆ ಬರೆದ; ಮಾರ್ಚ್ ನಡುವೆ ಇಬ್ಬರೂ ಹೊರಟರು. ಎರಡು ರೈಲು ಬದಲಿಸಿ, ಆಮೇಲೆ ಕೆಸರಿನಲ್ಲಿ ಗಾಲಿ ಹೂತುಹೋಗುವ ಗಾಡಿಯಲ್ಲಿ ಕೂತು, ಎರಡನೆಯ ದಿನ ಟ್ರಾಸ್ಕ್ ಮನೆ ಮುಟ್ಟಿದಾಗ ಮಧ್ಯಾಹ್ನ. ದಾರಿಯುದ್ದಕ್ಕೂ ಲವೀನಾ ಕೈಗವಸು ಬಿಚ್ಚುವುದು, ಹಾಕಿಕೊಳ್ಳುವುದು. ಮನಸ್ಸಿನಲ್ಲೇ ಆ ಹೆಂಗಸನ್ನು ಹತ್ತು ಬಗೆಯಲ್ಲಿ ಬೈದು ಮುಗಿಸಿದ್ದಳು, ಹನ್ನೊಂದನೆಯದನ್ನು ಹೊಂದಿಸುತ್ತಿದ್ದಳು.

ಮೇಪಲ್ ಮರಗಳಿಂದ ರಸ ಇಳಿಸುವ ಕಾಲ. ಮನೆಯ ಹಿಂದಿನ ಗುಡಿಸಲಿನಿಂದ ಆ ರಸವನ್ನು ಬೆಲ್ಲಕ್ಕೆ ಕಾಯಿಸುವ ಹಬೆ ಏಳುತ್ತಿತ್ತು. ಜೋತಮ್ ಟ್ರಾಸ್ಕ್ ಅಂಗಳಕ್ಕೇ ಬಂದು ಎದುರುಗೊಂಡ. ದಪ್ಪ ದನಿ, ಅಗಲ ಎದೆ, ಜಗಳಕ್ಕೆ ಕರೆದ ನೆಂಟರಿಗೂ ಊಟ ಹಾಕುವ ಜಾತಿ. "ಬನ್ನಿ ಬನ್ನಿ! ಮೂರು ಗಂಟೆಗೆ ಪಾದ್ರಿಗಳನ್ನ ಕರೆದಿದೀನಿ, ಅಕ್ಕಪಕ್ಕದೋರ್ನೂ ಕರೆದಿದೀನಿ. ಎಲ್ಲರ ಎದುರಿಗೇ ಆಗ್ಲಿ. ಅಲ್ಲೀವರೆಗೆ ಒಳಗೆ ಹೋಗಿ ಏನಾದ್ರೂ ತಿನ್ನಿ, ನನ್ನ ಹೆಂಡತಿ ಇದಾಳೆ."

ಅಡುಗೆಮನೆಯಲ್ಲಿ ತೆಳ್ಳಗಿನ ಹೆಂಗಸೊಬ್ಬಳು ಅಂಟುಮಿಠಾಯಿಗೆಂದು ತಟ್ಟೆಯಲ್ಲಿ ಹಿಮ ಒತ್ತಿ ಅದರ ಮೇಲೆ ಬಿಸಿ ಪಾಕ ಹೊಯ್ಯುತ್ತಿದ್ದಳು. ಕೆಜಾಯಾ ಅತ್ತೆ ಕಾಲು ನೋವೆಂದು ಮೇಲಿನ ಕೋಣೆಗೆ ಹೋಗಿದ್ದಳು. ಲವೀನಾ ಹೊಸ್ತಿಲಲ್ಲಿ ನಿಂತು ಹನ್ನೊಂದನೆಯ ಬೈಗುಳಕ್ಕೆ ಬಾಯಿ ತೆರೆದಳು.

"ಲವೀನಕ್ಕ," ಎಂದಳು ಆ ಹೆಂಗಸು. ಪಾಕ ತಟ್ಟೆಯಾಚೆ ಚೆಲ್ಲಿತು. "ನೀವು ಅಂತ ನಂಗೆ ಗೊತ್ತಿರ್ಲಿಲ್ಲ. ಪತ್ರಿಕೇಲಿ ಹೆಸರಿರ್ಲಿಲ್ಲ. ಗಾಡಿಯಿಂದ ಇಳಿದಾಗ್ಲೇ ಗುರುತು ಸಿಕ್ತು. ನಾನು ಸೆಲಿಂಡಾ. ಸೆಲಿಂಡಾ ಪೂಲ್. ಪಾದ್ರಿಗಳ ಮನೇಲಿ ಪಾತ್ರೆ ತೊಳೀತಿದ್ನಲ್ಲ."

ಆಗ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಡನ್‌ಬರೋದ ಪಾದ್ರಿಗಳು ವರ್ಮಾಂಟಿನ ಚರ್ಚೊಂದಕ್ಕೆ ವರ್ಗವಾಗಿ ಹೊರಟಾಗ ಊರಿನ ಹೆಂಗಸರು ಅವರ ಹೆಂಡತಿಗೆ ಕೌದಿ ಹೊಲಿದುಕೊಟ್ಟಿದ್ದರು. ಊರು ಬಿಟ್ಟು ಹೋಗುವವರಿಗೆಲ್ಲ ಹಾಗೆ ಕೊಡುವುದು ನಮ್ಮಲ್ಲಿ ವಾಡಿಕೆ. ಒಬ್ಬೊಬ್ಬರದು ಒಂದೊಂದು ಚೌಕ, ಚೌಕದ ನಡುವಿನ ಬಿಳಿ ಬಟ್ಟೆಯ ಮೇಲೆ ಶಾಯಿಯಲ್ಲಿ ಹೆಸರು, ತಾರೀಖು, ಎರಡೋ ನಾಲ್ಕೋ ಸಾಲು ಪದ್ಯ. ಬಟ್ಟೆಯ ಮೇಲೆ ಬರೆಯುವಾಗ ಶಾಯಿ ಹರಡಿದರೆ ಹೊಲಿದದ್ದೆಲ್ಲ ಹಾಳು, ಅದಕ್ಕೇ ಎಲ್ಲರ ಚೌಕವನ್ನೂ ಊರಿನಲ್ಲಿ ಚೆಂದದ ಅಕ್ಷರದವಳೊಬ್ಬಳೇ ಬರೆಯುತ್ತಾಳೆ. ಡನ್‌ಬರೋದಲ್ಲಿ ಅವಳು ಲವೀನಾ. ಅಂಥ ಹತ್ತೆಂಟು ಕೌದಿಗಳಿಗೆ ಬರೆದು ಯಾವುದರಲ್ಲಿ ಏನು ಬರೆದೆನೆಂಬುದು ಅವಳಿಗೆ ಮರೆತೇಹೋಗಿತ್ತು.

"ಪಾದ್ರಿಗಳ ಹೆಂಡತಿ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದ್ರು," ಎಂದಳು ಸೆಲಿಂಡಾ. "ಸಾಯೋವಾಗ ಕೌದೀನ ನಂಗೇ ಕೊಟ್ಟು ಹೋದ್ರು."

"ಅದರ ಮೇಲಿರೋದು ನಾನು ಬರೆದಿದ್ದು, ಸೆಲಿಂಡಾ."

"ಹೌದು. ನೀವು ಕಿಟಕಿ ಹತ್ರ ಕೂತಿದ್ರಿ. ಬೆಳಿಗ್ಗೆಯಿಂದ ಸಂಜೆವರೆಗೂ ಎದ್ದೇ ಇರ್ಲಿಲ್ಲ. ಎಲ್ಲಾರೂ ಚೌಕ ತಂದು ನಿಮ್ಮ ಮಡಿಲಿಗೆ ಹಾಕಿ, 'ನಿಂಗೆ ತೋಚಿದ್ದು ಬರಿ' ಅಂತ ಹೇಳಿ ಟೀ ಕುಡಿಯೋಕೆ ಹೋಗ್ತಿದ್ರು. ನಾನು ಮಾತ್ರ ನಿಂತೆ. ನೀವು ತಲೆ ಎತ್ತಿ 'ನಿಂಗೇನು ಬರೀಲಿ, ಹೇಳು' ಅಂದ್ರಿ. ಅಲ್ಲೀವರೆಗೆ ನನ್ನನ್ನ ಯಾರೂ ಏನೂ ಕೇಳಿರ್ಲಿಲ್ಲ, ಲವೀನಕ್ಕ."

"ನೀನೇನು ಹೇಳಿದೆ?" ಎಂದಳು ಲವೀನಾ.

"ಅಮ್ಮನ ವಿಷಯ. ನಮ್ಮಣ್ಣ ತಿಮಿಂಗಿಲ ಬೇಟೆ ಹಡಗಿನಲ್ಲಿ ಹೋದೋನು ಬರ್ಲಿಲ್ಲ. ಅಮ್ಮ ಅಗುಳಿ ದಾರ ಒಳಗೆ ಎಳ್ಕೊಳ್ಳೋಕೆ ಬಿಡ್ತಾನೇ ಇರ್ಲಿಲ್ಲ. ಬೂದಿ ಕೆಳಗೆ ಕೆಂಡ ಮುಚ್ಚಿಡೋಳು. 'ಎಷ್ಟು ತಡ ಆದ್ರೂ ಅವನು ತಟ್ಟೋದು ಬೇಡ, ಅವನ ಬಟ್ಟಲು ಅಲ್ಲೇ ಇದೆ' ಅನ್ನೋಳು. ಊರೋರು ಹುಚ್ಚಿ ಅಂತಿದ್ರು. ಅಮ್ಮ ಸತ್ಮೇಲೆ ಮನೆ ಮಾರಿದ್ರು, ನನ್ನನ್ನ ಕೆಲಸಕ್ಕೆ ಹಾಕಿದ್ರು. ಮನೆ ಇಲ್ಲ, ಅಮ್ಮ ಇಲ್ಲ, ಬಟ್ಟಲೂ ಇಲ್ಲ. ಇರೋದು ಆ ಚೌಕ ಒಂದೇ." ಅವಳು ಚೆಲ್ಲಿದ ಪಾಕವನ್ನು ಒರೆಸತೊಡಗಿದಳು. "ಹೋದ ಚಳಿಗಾಲ ಯಾರೋ ಚರ್ಚಿನಲ್ಲಿ ಹಾಡಿದ್ರು. ನಂಗೆ ತಡೆಯೋಕಾಗ್ಲಿಲ್ಲ. 'ಅದು ನಂದು' ಅಂತ ಎದ್ದು ನಿಂತುಬಿಟ್ಟೆ."

ಅಂದಿನ ಕಿಟಕಿ, ಮಡಿಲಲ್ಲಿ ಬಿಗಿಹಿಡಿದ ಬಟ್ಟೆ, ಸೋಪಿನಿಂದ ಕೆಂಪಾದ ಕೈಗಳ ಹುಡುಗಿ, ಎಲ್ಲ ಒಂದೊಂದಾಗಿ ಲವೀನಾಳ ಕಣ್ಣ ಮುಂದೆ ಬಂದವು. ಹಿಟ್ಟು ನಾದುವಾಗ ಎಲ್ಲಿಂದಲೋ ಬಂದ ಸಾಲು! ಎಲ್ಲಿಂದಲೋ ಅಲ್ಲ, ಈ ಹುಡುಗಿಯ ಬಾಯಿಂದ. ತಾನು ಮಾಡಿದ್ದು ಇಷ್ಟೇ, ಮಾತಿಗೆ ತಾಳ ಕೂಡಿಸಿದ್ದು. ಮುಂದಿನ ಹದಿನಾರು ಸಾಲು ಖಂಡಿತ ತನ್ನವು, ಆದರೆ ಅವು ಯಾರಿಗೂ ಬೇಕಿರಲಿಲ್ಲ.

ಮೇಲಿನ ಕೋಣೆಗೆ ಹೋಗಿ ಎಲ್ಲ ಹೇಳಿದಾಗ ಕೆಜಾಯಾ ಅತ್ತೆ ಹಾಸಿಗೆಯ ಮೇಲೆ ನೆಟ್ಟಗೆ ಎದ್ದು ಕೂತಳು. "ಪೂಲ್ ಹುಡುಗಿಯಾ? ಹಾಗಾದ್ರೆ ಗೆದ್ದೆ ಬಿಡು. ಆ ಹುಡುಗಿಗೆ ಓದೋಕೆ ಬರುತ್ತೆ, ಬರೆಯೋಕೆ ಬರಲ್ಲ. ಪಾದ್ರಿ ಹೆಂಡತಿ ಅಂಗಡಿ ಸಾಮಾನಿನ ಪಟ್ಟೀನ ಅವಳಿಗೆ ಬಾಯಿಪಾಠ ಮಾಡಿಸಿ ಕಳಿಸ್ತಿದ್ಳು. ಕೆಳಗೆ ಗಂಡ ಏನಂತಿದಾನೆ ಕೇಳಿದ್ಯಾ? ಮೂವತ್ತಾರು ಚೌಕಾನೂ ನನ್ನ ಹೆಂಡತಿ ಅಕ್ಷರ ಅಂತ ಪಕ್ಕದ ಮನೆಯೋರಿಗೆ ಕೊಚ್ಕೋತಿದಾನೆ. ಒಂದು ಪೆನ್ನು ಕೊಟ್ಟು 'ಬರಿಯಮ್ಮ' ಅನ್ನು, ಮುಗೀತು."

"ಎಲ್ಲರ ಮುಂದೇನಾ?"

"ಎಲ್ಲರ ಮುಂದೆ ಮಾಡ್ಬೇಕು ಅಂದೋನು ಅವನು ತಾನೇ?"

ನಮ್ಮ ಸೀಮೆಯಲ್ಲಿ ಸಹಿ ಮಾಡಲು ಬಾರದವಳೆಂದರೆ ಎಷ್ಟು ಅವಮಾನವೆಂದು ಇಬ್ಬರಿಗೂ ಗೊತ್ತಿತ್ತು. ಲವೀನಾ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಜೇಬಿನಲ್ಲಿ ಅಂಟು ಹಚ್ಚಿದ ಕಾಗದ ಗರಗರ ಎನ್ನುತ್ತಿತ್ತು. ಅವಳಿಗೆ ಆ ಪುಸ್ತಕ ಬೇಕಿತ್ತು. ಹಸಿದವರಿಗೆ ಊಟ ಬೇಕಾದ ಹಾಗೆ ಬೇಕಿತ್ತು. ಹದಿನಾಲ್ಕು ವರ್ಷ ಮುದುಕನ ದನಿಯಲ್ಲಿ ಗೊಣಗಿದ್ದು, ಹೆಸರಿಲ್ಲದೆ ಅತ್ತದ್ದು, ಎಲ್ಲ ಹೆಸರಿನ ಆ ಒಂದು ಸಾಲಿಗಾಗಿ ಎಂದು ಈಗ ಅನ್ನಿಸುತ್ತಿತ್ತು. ಬರಿ ಎಂದು ತಾನಾಗಿ ಕೇಳದಿದ್ದರಾಯಿತು, ಬೇರೆ ಯಾರಾದರೂ ಕೇಳಿದರೆ ಸುಮ್ಮನಿದ್ದರಾಯಿತು, ಬರೆದದ್ದಂತೂ ನಾನೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ನಡಿಗೆ ಜೋರಾಯಿತು.

ಮೂರು ಗಂಟೆಗೆ ಮುಂದಿನ ಕೋಣೆ ತುಂಬಿತು. ಡೋನಟ್, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಹಿಮದ ಮೇಲಿನ ಪಾಕ, ಎಲ್ಲರ ಕೈಯಲ್ಲೂ ತಟ್ಟೆ. ಜೋತಮ್ ಕೌದಿಯನ್ನು ಎರಡು ಕುರ್ಚಿಗಳ ಮೇಲೆ ಹರಡಿದ. ಮಾಸಿತ್ತು, ಅಂಚು ಸವೆದಿತ್ತು, ಆದರೆ ಅಕ್ಷರ ಒಂದೂ ಅಳಿಸಿರಲಿಲ್ಲ. ಎರಡನೆಯ ಸಾಲಿನ ಮೂರನೆಯ ಚೌಕದಲ್ಲಿ ಆ ನಾಲ್ಕು ಸಾಲು, ಕೆಳಗೆ 'ಸೆಲಿಂಡಾ ಪೂಲ್, ೧೮೪೬'.

"ನೋಡಿ ಅಕ್ಷರಾನ! ಮುತ್ತು ಪೋಣಿಸಿದ ಹಾಗೆ!" ಎಂದ ಜೋತಮ್. "ಮನೇಲಿ ಲೆಕ್ಕಪತ್ರ ಎಲ್ಲ ನಾನೇ ಬರೀತೀನಿ ಅಂತ ಇವಳು ಪೆನ್ನು ಮುಟ್ಟಲ್ಲ. ಇಲ್ದಿದ್ರೆ ನೋಡ್ಬೇಕಿತ್ತು."

ಅಲ್ಲಿಯ ಈಗಿನ ಪಾದ್ರಿ ಚಿಕ್ಕ ವಯಸ್ಸಿನವರು, ನ್ಯಾಯವಾಗಿ ನಡೆಯಬೇಕೆಂಬ ಆಸೆಯವರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಹಾಗಾದರೆ ಇದು ಸುಲಭವಾಯಿತು. ಶ್ರೀಮತಿ ಟ್ರಾಸ್ಕ್ ಈ ನಾಲ್ಕು ಸಾಲನ್ನು ಒಂದು ಕಾಗದದ ಮೇಲೆ ಬರೆಯಲಿ, ಹ್ಯಾಪ್‌ಗುಡ್ ಅವರೂ ಬರೆಯಲಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರಾಯಿತು." ಅವರೇ ಶಾಯಿಯ ಬಾಟಲಿಯನ್ನು ಮೇಜಿನ ಮೇಲಿಟ್ಟು ಪೆನ್ನನ್ನು ಸೆಲಿಂಡಾಳ ಕಡೆ ಚಾಚಿದರು.

ಕೆಜಾಯಾ ಅತ್ತೆ ಲವೀನಾಳ ಪಕ್ಕೆಗೆ ಮೊಣಕೈಯಿಂದ ತಿವಿದಳು. ಕೇಳುವುದೇ ಬೇಕಾಗಿರಲಿಲ್ಲ, ಪಾದ್ರಿಗಳೇ ಕೇಳಿದ್ದರು.

ಸೆಲಿಂಡಾ ಪೆನ್ನು ತೆಗೆದುಕೊಳ್ಳಲಿಲ್ಲ. ಕೈಗಳನ್ನು ಎಲ್ಲಿ ಮುಚ್ಚಿಕೊಳ್ಳಲಿ ಎಂಬಂತೆ ಏಪ್ರನ್ನಿನೊಳಗೆ ಸುತ್ತಿಕೊಂಡಳು. ಗಂಡ ನಗುತ್ತಾ "ಬರಿಯೇ, ನಾಚಿಕೆ ಯಾಕೆ," ಎಂದ. ಅವಳು ಲವೀನಾಳ ಕಡೆ ನೋಡಲಿಲ್ಲ, ಬೇಡಿಕೊಳ್ಳಲಿಲ್ಲ. ಬಾಗಿಲ ಕಡೆ ನೋಡಿದಳು. ಕೋಣೆಯಲ್ಲಿ ತಟ್ಟೆಗಳ ಸದ್ದು ಒಂದೊಂದೇ ನಿಂತಿತು.

ಲವೀನಾ ಅಲ್ಲಿಯವರೆಗೂ ಕಿಟಕಿಯ ಹತ್ತಿರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದವಳು, ಮೇಜಿನ ಬಳಿಗೆ ಬಂದು ಕುರ್ಚಿ ಎಳೆದು ಕೂತುಬಿಟ್ಟಳು. ಪಾದ್ರಿಗಳ ಕೈಯಿಂದ ಪೆನ್ನು ತೆಗೆದುಕೊಂಡಳು.

"ಅವಳ ಹತ್ರ ಬರೆಸೋ ಅಗತ್ಯ ಇಲ್ಲ," ಎಂದಳು. "ಈ ಅಕ್ಷರ ನಂದು. ಮೂವತ್ತಾರು ಚೌಕದ್ದೂ ನಂದೇ. ನಮ್ಮೂರಲ್ಲಿ ಶಾಯಿ ಹಿಡಿಯೋದು ಒಬ್ಬಳೇ, ಪಾದ್ರಿಗಳೇ, ಅದು ವಾಡಿಕೆ. ಎಲ್ಲಾರೂ ಚೌಕ ಕೊಟ್ಟು ಹೋದ್ರು. ಸೆಲಿಂಡಾ ಒಬ್ಬಳೇ ನಿಂತು, ಏನು ಬರೀಬೇಕು ಅಂತ ಹೇಳಿದ್ಳು. ಅವಳು ಹೇಳಿದ್ಳು, ನಾನು ಬರೆದೆ. ಆಮೇಲೆ ಮರೆತೆ. ಐದು ವರ್ಷ ಕಳೆದ ಮೇಲೆ ನಂದೇ ಅನ್ಕೊಂಡು ಅಚ್ಚಿಗೆ ಕಳಿಸ್ದೆ." ಅವಳು ಪಾದ್ರಿಗಳ ಕಾಗದದ ಮೇಲೆ ಆ ನಾಲ್ಕು ಸಾಲು ಬರೆದು ತೋರಿಸಿದಳು. ಹೋಲಿಕೆಯಲ್ಲಿ ಅನುಮಾನವೇ ಇರಲಿಲ್ಲ. ಅದರ ಕೆಳಗೆ 'ಸೆಲಿಂಡಾ ಪೂಲ್' ಎಂದು ಬರೆಯುವಾಗ ಮಾತ್ರ ಕೈ ಸ್ವಲ್ಪ ತಡೆಯಿತು.

"ಕೇಳಿದ್ರಾ!" ಎಂದು ಜೋತಮ್ ತೊಡೆ ತಟ್ಟಿದ. ಅಕ್ಷರ ಹೆಂಡತಿಯದಲ್ಲ ಎಂಬುದು ಅವನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ "ವಾಡಿಕೆ ಅಂದ್ರೆ ವಾಡಿಕೆ," ಎಂದು ತಾನೇ ಸಮಾಧಾನ ಹೇಳಿಕೊಂಡ.

ಪಾದ್ರಿಗಳು ಕನ್ನಡಕ ತೆಗೆದರು. "ಒಳ್ಳೆಯದಾಯಿತು. ನಿಮ್ಮ ಚೌಕ ಯಾವುದು, ಹ್ಯಾಪ್‌ಗುಡ್ ಅವರೇ? ಅದನ್ನೂ ಓದೋಣ."

ಲವೀನಾ ಕೌದಿಯತ್ತ ಬಾಗಿದಳು. ಮೊದಲ ಸಾಲು ನೋಡಿದಳು, ಎರಡನೆಯದು ನೋಡಿದಳು. ಕೆಜಾಯಾ ಹ್ಯಾಪ್‌ಗುಡ್ ಇದ್ದಳು. ಅಂಗಡಿಯವನ ಹೆಂಡತಿ ಇದ್ದಳು, ಅವಳ ಮೂವರು ಹೆಣ್ಣುಮಕ್ಕಳೂ ಇದ್ದರು. ಆರು ಸಾಲು, ಸಾಲಿಗೆ ಆರು. ಎಲ್ಲರಿಗೂ ಹೊಂದುವಂತೆ ಒಂದೊಂದು ಪದ್ಯ, ಎಲ್ಲ ಅವಳದೇ ಅಕ್ಷರ. ಲವೀನಾ ಹ್ಯಾಪ್‌ಗುಡ್ ಇರಲಿಲ್ಲ.

ನೆರೆಹೊರೆಯ ಹೆಂಗಸರೂ ಬಾಗಿ ಹುಡುಕಿದರು. ಯಾರೋ ಕೌದಿಯ ಹಿಂಭಾಗವನ್ನೂ ತಿರುಗಿಸಿ ನೋಡಿದರು. "ಮರೆತಿರಬೇಕು," ಎಂದಳು ಲವೀನಾ, ಮುಖ ಬಿಸಿಯಾಗಿ. "ಕೊನೆಗೆ ನಂದು ಬರೆಯೋಣ ಅನ್ಕೊಂಡಿದ್ದೆ. ಬಟ್ಟೆ ಮುಗಿದಿರಬೇಕು." ಸೆಲಿಂಡಾ ಮಾತ್ರ ಹುಡುಕಲಿಲ್ಲ, ಲವೀನಾಳನ್ನೇ ನೋಡುತ್ತಿದ್ದಳು. ಜೋತಮ್ ಏನು ಮಾಡಬೇಕೆಂದು ತೋಚದೆ ಲವೀನಾಳ ತಟ್ಟೆಗೆ ಇನ್ನೆರಡು ಡೋನಟ್ ಹಾಕಿದ.

ವಾಪಸು ಬರುವ ರೈಲಿನಲ್ಲಿ ಕೆಜಾಯಾ ಅತ್ತೆ ಶುರು ಮಾಡಿದಳು.

"ದಡ್ಡಿ. ಕೈಗೆ ಬಂದ ತುತ್ತನ್ನ ಎದುರಿಗಿದ್ದೋಳ ತಟ್ಟೆಗೆ ಹಾಕಿದ್ಯಲ್ಲೇ."

"ಅದು ಅವಳ ತುತ್ತೇ ಆಗಿತ್ತತ್ತೆ."

"ನಿನ್ನ ಹೆಸರು ಅಲ್ಲಿ ಯಾಕಿಲ್ಲ ಗೊತ್ತಾ? ಬಟ್ಟೆ ಮುಗಿದಿರ್ಲಿಲ್ಲ. ನಿಂಗೆ ಅಂತ ಒಂದು ಚೌಕ ಮಿಕ್ಕಿತ್ತು. ಅದರ ಮೇಲೆ ಏನು ಬರೀತೀಯೋ ಅಂತ ನಾನು ನೋಡ್ತಾ ಇದ್ದೆ. ಅಷ್ಟ್ರಲ್ಲಿ ಆ ಪೂಲ್ ಹುಡುಗಿ ಬಂದ್ಳು. ಅವಳಿಗೆ ಚೌಕ ಇರ್ಲಿಲ್ಲ, ಕೆಲಸದೋಳಿಗೆ ಯಾರು ಕೊಡ್ತಾರೆ? ನೀನು ನಿಂದೇ ಕೊಟ್ಟೆ." ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದಳು. "ನಂಗೆ ಮೇಲಿನ ಕೋಣೇಲೇ ನೆನಪಿಗೆ ಬಂದಿತ್ತು. ಹೇಳಿದ್ರೆ ನೀನು ಇನ್ನೂ ಮೆತ್ತಗಾಗ್ತೀಯ ಅಂತ ಹೇಳ್ಲಿಲ್ಲ."

ಲವೀನಾ ಎದ್ದು ಬೋಗಿಯ ತುದಿಯವರೆಗೆ ನಡೆದು ಬಂದಳು. ಅತ್ತೆಯ ಮೇಲೆ ಸಿಟ್ಟೂ ಬಂತು, ನಗುವೂ ಬಂತು, ಕೊನೆಗೆ ಕಣ್ಣಲ್ಲಿ ನೀರೇ ಬಂತು.

ಬಾಸ್ಟನ್ನಿನಲ್ಲಿ ಪೆಟಿಂಗಿಲ್ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ. "ಅಲ್ಲಾ ಮೇಡಂ, ಮಾತು ಅವರದು ಅಂತ ನೀವೇ ಒಪ್ಕೊಂಡು ಬಂದ್ರಾ? ಯಾರು ಕೇಳಿದ್ರು ನಿಮ್ಮನ್ನ?" ಎಂದ. ಆ ಪದ್ಯದ ಕೆಳಗೆ ಇಬ್ಬರ ಹೆಸರೂ ಹಾಕಿ ಎಂದಳು. ಒಂದು ಪದ್ಯಕ್ಕೆ ಇಬ್ಬರು ಹೆಂಗಸರಾದರೆ ಓದುವವರು ಅಳುವುದನ್ನು ಬಿಟ್ಟು ನಗುತ್ತಾರೆ ಎಂದ. ಕೊನೆಗೆ, ಒಳ್ಳೆಯ ಮನಸ್ಸಿನಿಂದಲೇ, "ಹೆಸರೇ ಇಲ್ಲದೆ ತಂದುಬಿಡೋಣ. ಯಾರಿಗೂ ತೊಂದರೆ ಇಲ್ಲ," ಎಂದ.

"ಇಲ್ಲ," ಎಂದಳು ಲವೀನಾ. ಈ ಮಾತು ಇಷ್ಟು ಸುಲಭವೆಂದು ಗೊತ್ತಿದ್ದರೆ ಹತ್ತು ವರ್ಷ ಮೊದಲೇ ಹೇಳುತ್ತಿದ್ದಳು. ಹಸ್ತಪ್ರತಿಯ ಕಟ್ಟನ್ನು ಅವನ ಮೇಜಿನಿಂದ ಎತ್ತಿಕೊಂಡು ಹೊರಟಳು. ಪುಸ್ತಕ ಬರಲಿಲ್ಲ. ದಾರಿಯಲ್ಲಿ ಸೇತುವೆಯ ಮೇಲೆ ನಿಂತು ಜೇಬಿನ ಕಾಗದವನ್ನು ತೆಗೆದಳು, ನೀರಿಗೆ ಹಾಕಬೇಕೆಂದುಕೊಂಡಳು, ಹಾಕಲಾರದೆ ಮತ್ತೆ ಮಡಿಸಿಟ್ಟುಕೊಂಡಳು. ಬಹಳ ನೋವಾಯಿತು. ಆಗಲಿಲ್ಲವೆಂದರೆ ಸುಳ್ಳಾದೀತು.

ಆ ಸಿಟ್ಟಿನಲ್ಲೇ ಏಪ್ರಿಲ್ ಎರಡನೆಯ ವಾರ ರೈತರ ಪತ್ರಿಕೆಗೆ ಬರೆದಳು: ಪೆಲೆಗ್ ಮಾವ ಹೋದ ಮಂಗಳವಾರ ಹೋರಿಯೊಂದಿಗೆ ವಾದ ಮಾಡುತ್ತಿದ್ದಾಗ ತೀರಿಕೊಂಡ, ವಾದದಲ್ಲಿ ಹೋರಿಯೇ ಗೆದ್ದಿತು, ಇನ್ನು ಮುಂದೆ ಈ ಜಾಗದಲ್ಲಿ ಅವನ ಸೋದರಸೊಸೆ ಲವೀನಾ ಹ್ಯಾಪ್‌ಗುಡ್ ಬರೆಯುತ್ತಾಳೆ. ಸಂಪಾದಕ ನಕ್ಕು ಹಾಗೇ ಹಾಕಿದ. ಅಂಗಡಿಯ ಗಂಡಸರು ಎರಡು ದಿನ ಶೋಕ ಆಚರಿಸಿದರು, ಇಬ್ಬರು ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದರು. ಒಬ್ಬ ಮಾತ್ರ ಅವಳನ್ನು ತಡೆದು ನಿಲ್ಲಿಸಿ, "ನಿಮ್ಮ ಮಾವ ಸಾಯೋಕೆ ಮುಂಚೆ ಕರುವಿನ ಭೇದಿಗೆ ಏನಾದ್ರೂ ಹೇಳಿದ್ರಾ?" ಎಂದು ಕೇಳಿದ.

ಜೂನ್ ತಿಂಗಳಲ್ಲಿ ವರ್ಮಾಂಟಿನಿಂದ ಸಣ್ಣ ಗಂಟೊಂದು ಬಂತು. ಬಿಚ್ಚಿದರೆ ಹೊಸ ಬಟ್ಟೆಯ ಒಂದು ಚೌಕ. ನಾಲ್ಕೂ ಸುತ್ತ ಕೆಂಪು ಚೀಟಿ ಬಟ್ಟೆಯ ತ್ರಿಕೋನಗಳು, ನಡುವೆ ಬಿಳಿ. ಬಿಳಿಯ ಕೆಳಭಾಗದಲ್ಲಿ ಶಾಯಿಯಿಂದ 'ಲವೀನಾ ಹ್ಯಾಪ್‌ಗುಡ್' ಎಂದು ಬರೆದಿತ್ತು. ಒಂದೊಂದು ಅಕ್ಷರ ಒಂದೊಂದು ದಿಕ್ಕಿಗೆ ವಾಲಿತ್ತು, ಎರಡು ಕಡೆ ಶಾಯಿ ಹರಡಿತ್ತು. ಹೆಸರಿನ ಮೇಲೆ ನಾಲ್ಕು ಸಾಲಿನಷ್ಟು ಜಾಗ ಖಾಲಿ. ಜೊತೆಗಿದ್ದ ಕಾಗದದಲ್ಲೂ ಅದೇ ವಾಲಿದ ಅಕ್ಷರ:

'ಲವೀನಕ್ಕ, ಇದನ್ನು ನಾನೇ ಬರೆದೆ. ಅವರಿಗೆ ಎಲ್ಲಾ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಸ್ಲೇಟು ತಂದುಕೊಟ್ಟರು. ಈ ಚೌಕ ಸೇರಿಸಲು ಕೌದಿಯ ಅಂಚು ಬಿಚ್ಚಿ ಇಟ್ಟಿದ್ದೇನೆ. ನಿಮಗೆ ಏನು ಬರೆಯಲಿ, ಹೇಳಿ.'

ಲವೀನಾ ಚೌಕವನ್ನು ಹಿಟ್ಟಿನ ಪೆಟ್ಟಿಗೆಯ ಮೇಲೆ ಹರಡಿ ನಿಂತಳು. ಊರಿನ ಎಲ್ಲರಿಗೂ ಪದ್ಯ ಹೊಂದಿಸಿಕೊಟ್ಟವಳಿಗೆ ತನ್ನದೊಂದು ಸಾಲು ಹೊಳೆಯಲಿಲ್ಲ. ಕಿಟಕಿಗೆ ಹೋದಳು, ಹಿತ್ತಿಲ ಬಾಗಿಲಿಗೆ ಹೋದಳು, ನಿಲ್ದಾಣದವರೆಗೆ ನಡೆದು ಬಂದಳು. ಮೂರು ದಿನ ಹೀಗೇ ಆಯಿತು.

"ಕೂತ್ಕೊಂಡು ಯೋಚ್ನೆ ಮಾಡೇ," ಎಂದಳು ಕೆಜಾಯಾ ಅತ್ತೆ, ಹೆಣೆಯುವುದನ್ನು ನಿಲ್ಲಿಸಿ. ತಾನು ಎದ್ದು, ಒಲೆಯ ಪಕ್ಕದ ಕುರ್ಚಿಯನ್ನು ಅವಳ ಕಡೆ ತಳ್ಳಿದಳು.

ಲವೀನಾ ಕೂತಳು. ಕಾಗದ ಮಡಿಲಿಗೆ ಎಳೆದುಕೊಂಡು, ಒಂದೇ ಸಾಲು ಬರೆದು, ವಾಪಸು ಕಳಿಸಲು ಚೌಕದ ಜೊತೆಗೆ ಕಟ್ಟಿದಳು:

'ನಿನಗೆ ತೋಚಿದ್ದು ಬರಿ, ಸೆಲಿಂಡಾ.'